ಟೆಸ್ಟ್ ಎಲ್ಲ ಹಸಿರು, ಉತ್ತರ ಮಾತ್ರ ತಪ್ಪು: ಹೆಲ್ಪರ್ ಫಂಕ್ಷನ್‌ಗಳನ್ನು ಪರೀಕ್ಷಿಸುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ತಂಡ ಆರ್ ಭಾಷೆಯಲ್ಲಿ ಅಂಕಿಅಂಶಗಳ ಒಂದು ಪ್ಯಾಕೇಜ್ ನಿರ್ವಹಿಸುತ್ತಿದೆ. ಬಳಕೆದಾರರಿಗೆ ಕಾಣುವ ಫಂಕ್ಷನ್‌ಗಳು 12. ಅವುಗಳ ಬೆನ್ನ ಹಿಂದೆ ಕೆಲಸ ಮಾಡುವ ಸಣ್ಣ ಹೆಲ್ಪರ್ ಫಂಕ್ಷನ್‌ಗಳು 40ರ ಹತ್ತಿರ. ಆರ್‌ನಲ್ಲಿ ಟೆಸ್ಟ್ ಬರೆಯುವ ಟೆಸ್ಟ್‌ದಟ್ ಪ್ಯಾಕೇಜ್ ಬಳಸುತ್ತೇವೆ, ಕವರೇಜ್ (ಟೆಸ್ಟ್ ನಡೆಯುವಾಗ ಓಡುವ ಸಾಲುಗಳ ಪಾಲು) ಶೇ 93 ಇದೆ. ಹೀಗಿದ್ದೂ ಒಬ್ಬ ಬಳಕೆದಾರರು 10 ದಾಖಲೆಗಳಿಗೆ ತಲಾ 0.1 ತೂಕ ಕೊಟ್ಟು ಮಾನಕ ವಿಚಲನೆ ಕೇಳಿದಾಗ ‘ಇನ್ಫ್’ (ಅನಂತ) ಎಂದು ಬಂತು. ಅದೇ ದತ್ತಾಂಶ ಸಹೋದ್ಯೋಗಿಯ ಹೊಸ ಮ್ಯಾಕ್‌ನಲ್ಲಿ ‘ನ್ಯಾನ್’ (ಸಂಖ್ಯೆಯೇ ಅಲ್ಲ) ಎಂದು ಕೊಟ್ಟಿತು. ವೇರಿಯನ್ಸ್ (ಮಾನಕ ವಿಚಲನೆಯ ವರ್ಗ) ಲೆಕ್ಕ ಹಾಕುವ ಹೆಲ್ಪರ್, ಸರಾಸರಿಯಿಂದ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತವನ್ನು ‘ತೂಕಗಳ ಮೊತ್ತ ಕಳೆ 1’ರಿಂದ ಭಾಗಿಸುತ್ತದೆ. ಅದಕ್ಕೆ ಟೆಸ್ಟ್ ಇದೆ: ಎಲ್ಲ ತೂಕ 1 ಇಟ್ಟು ವೇರಿಯನ್ಸ್‌ಗೆಂದೇ ಇರುವ ಆರ್‌ನ ವಾರ್ ಫಂಕ್ಷನ್ ಕೊಡುವ ಉತ್ತರಕ್ಕೆ ಹೋಲಿಸುತ್ತೇವೆ. ಎರಡೂ ಯಂತ್ರಗಳಲ್ಲಿ ಅದು ಪಾಸ್. ಎಕ್ಸ್‌ಪೋರ್ಟ್ ಆಗದ, ಅಂದರೆ ಬಳಕೆದಾರರಿಗೆ ಕಾಣದ ಫಂಕ್ಷನ್‌ಗೆ ನೇರವಾಗಿ ಟೆಸ್ಟ್ ಬರೆಯಲೇಬಾರದು ಎಂದು ತಂಡದ ಹಿರಿಯರೊಬ್ಬರು ಹೇಳುತ್ತಾರೆ. ಇದರ ಜೊತೆಗೆ, ಬೂಟ್‌ಸ್ಟ್ರ್ಯಾಪ್ (ಇರುವ ದತ್ತಾಂಶದಿಂದಲೇ ಮತ್ತೆ ಮತ್ತೆ ಮಾದರಿ ತೆಗೆಯುವ ವಿಧಾನ) ಹೆಲ್ಪರ್ ಕೊಡುವ ಶೇ 95ರ ಅಂತರದೊಳಗೆ ನಿಜವಾದ ಸರಾಸರಿ ಬೀಳುತ್ತದೆಯೇ ಎಂದು ನೋಡುವ ಟೆಸ್ಟ್ ಹೆಚ್ಚುಕಡಿಮೆ 20 ಸಲಕ್ಕೊಮ್ಮೆ ಸುಮ್ಮಸುಮ್ಮನೆ ಫೇಲ್ ಆಗುತ್ತದೆ. ಟಾಲರೆನ್ಸ್, ಅಂದರೆ ಹೋಲಿಕೆಯಲ್ಲಿ ಒಪ್ಪುವ ವ್ಯತ್ಯಾಸ, ಸಡಿಲ ಮಾಡಿದರೆ ಸಾಕೇ?

ಉತ್ತರ: ನಿಮ್ಮ ಆತಂಕ ಸರಿಯಾಗಿಯೇ ಇದೆ. ಟೆಸ್ಟ್‌ಗಳಿವೆ, ಕವರೇಜ್ ಇದೆ, ಆದರೂ ತಪ್ಪು ಉತ್ತರ ಬಳಕೆದಾರರ ಕೈ ಸೇರಿದೆ. ಹಾಗಾದರೆ ಇಷ್ಟೆಲ್ಲ ಟೆಸ್ಟ್ ಬರೆದಿದ್ದು ಯಾತಕ್ಕೆ ಎಂಬುದು ನಿಮ್ಮ ಮೂಲ ಪ್ರಶ್ನೆ. ಟಾಲರೆನ್ಸ್ ಸಡಿಲಿಸಿದರೆ ಇದರಲ್ಲಿ ಯಾವುದೂ ಸರಿಹೋಗುವುದಿಲ್ಲ. ನಿಮ್ಮ ಟೆಸ್ಟ್‌ಗಳ ಸಂಖ್ಯೆ ಕಡಿಮೆಯಾಗಿಲ್ಲ. ಅವುಗಳಲ್ಲಿ ‘ಬರಬೇಕಾದ ಉತ್ತರ’ ಎಂದು ಬರೆದಿಟ್ಟಿದ್ದು ಎಲ್ಲಿಂದ ಬಂತು, ಯಾವ ಇನ್‌ಪುಟ್‌ಗೆ ಬಂತು ಎನ್ನುವುದರಲ್ಲಿ ದೋಷವಿದೆ.

ಒಂದೇ ದತ್ತಾಂಶಕ್ಕೆ ಎರಡು ಉತ್ತರ ಏಕೆ?

ಮೊದಲು ಇನ್ಫ್ ಮತ್ತು ನ್ಯಾನ್ ವಿಷಯ ಮುಗಿಸೋಣ. 0.1 ಎನ್ನುವ ಸಂಖ್ಯೆಯನ್ನು ಕಂಪ್ಯೂಟರ್ ದ್ವಿಮಾನ ಪದ್ಧತಿಯಲ್ಲಿ ನಿಖರವಾಗಿ ಹಿಡಿದಿಡಲಾರದು. ಅದರ ಬದಲು ಕೂದಲೆಳೆಯಷ್ಟು ದೊಡ್ಡದಾದ ಸಂಖ್ಯೆಯೊಂದನ್ನು ಇಟ್ಟುಕೊಳ್ಳುತ್ತದೆ. ಆರ್‌ನ ಸಮ್ ಫಂಕ್ಷನ್ ಕೂಡುವಾಗ ‘ಲಾಂಗ್ ಡಬಲ್’ ಎಂಬ ಹೆಚ್ಚು ಅಗಲದ ಸಂಖ್ಯೆ ಬಳಸುತ್ತದೆ. ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಅದು 80 ಬಿಟ್. ಅಲ್ಲಿ ಹತ್ತು ಸಲ 0.1 ಕೂಡಿ, ಕೊನೆಗೆ 64 ಬಿಟ್‌ಗೆ ಇಳಿಸಿದಾಗ ಸರಿಯಾಗಿ 1 ಬರುತ್ತದೆ. ಎಆರ್‌ಎಂ ಚಿಪ್ಪಿನ ಮ್ಯಾಕ್‌ಗಳಲ್ಲಿ ಲಾಂಗ್ ಡಬಲ್ ಕೂಡ 64 ಬಿಟ್ಟೇ. ಅಲ್ಲಿ ಪ್ರತಿ ಹೆಜ್ಜೆಗೂ ಅಂಕಿ ಕತ್ತರಿಸಿಹೋಗಿ ಮೊತ್ತ 0.9999999999999999 ಆಗಿ ನಿಲ್ಲುತ್ತದೆ.

ಈಗ ನಿಮ್ಮ ಛೇದಕ್ಕೆ ಬನ್ನಿ. ಒಂದು ಯಂತ್ರದಲ್ಲಿ 1 ಕಳೆ 1, ಅಂದರೆ 0; ಭಾಗಿಸಿದರೆ ಇನ್ಫ್. ಇನ್ನೊಂದರಲ್ಲಿ ಛೇದ ಸುಮಾರು −1.11 × 10⁻¹⁶. ಭಾಗಿಸಿದರೆ ವೇರಿಯನ್ಸ್ ಭಾರೀ ದೊಡ್ಡ ಋಣ ಸಂಖ್ಯೆ, ಅದರ ವರ್ಗಮೂಲ ತೆಗೆದರೆ ನ್ಯಾನ್. ಎರಡೂ ಯಂತ್ರಗಳು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿವೆ. ಮೊತ್ತ 1 ಆಗುವ ತೂಕಗಳಿಗೆ ಈ ಸೂತ್ರವೇ ಸಲ್ಲದು.

ಅಂಕಿಅಂಶಗಳಲ್ಲಿ ‘ತೂಕ’ ಎನ್ನುವ ಒಂದೇ ಪದಕ್ಕೆ ಕನಿಷ್ಠ ಎರಡು ಅರ್ಥಗಳಿವೆ. ಒಂದು, ಆವರ್ತನದ ತೂಕ: ಈ ಮೌಲ್ಯ ಇಷ್ಟು ಸಲ ಬಂದಿದೆ ಎಂದು ಹೇಳುವುದು. ಅದಕ್ಕೆ ಛೇದ ‘ತೂಕಗಳ ಮೊತ್ತ ಕಳೆ 1’. ಇನ್ನೊಂದು, ವಿಶ್ವಾಸದ ತೂಕ: ಈ ದಾಖಲೆಗೆ ಉಳಿದವುಗಳಿಗಿಂತ ಇಷ್ಟು ಪಾಲು ಹೆಚ್ಚು ಮಹತ್ವ ಕೊಡು ಎಂದು ಹೇಳುವುದು. ಅಲ್ಲಿ ಛೇದ ‘ತೂಕಗಳ ಮೊತ್ತ, ಕಳೆ ತೂಕಗಳ ವರ್ಗಗಳ ಮೊತ್ತ ಭಾಗಿಸು ತೂಕಗಳ ಮೊತ್ತ’. ನಿಮ್ಮ ಬಳಕೆದಾರರು ಎರಡನೆಯದನ್ನು ಕೊಟ್ಟರು, ನಿಮ್ಮ ಹೆಲ್ಪರ್ ಮೊದಲನೆಯದೆಂದು ತಿಳಿಯಿತು.

ಆ ಟೆಸ್ಟ್ ಇದನ್ನು ಹಿಡಿಯಲಾರದ್ದು ಏಕೆ?

ಎಲ್ಲ ತೂಕ 1 ಎಂದಿಟ್ಟು ಎರಡೂ ಸೂತ್ರ ಹಾಕಿ ನೋಡಿ. 6 ದಾಖಲೆಗಳಿದ್ದರೆ ಮೊದಲನೆಯದು 6 − 1, ಅಂದರೆ 5. ಎರಡನೆಯದು 6 − 6/6, ಅದೂ 5. ನಿಮ್ಮ ಟೆಸ್ಟ್ ಆರಿಸಿಕೊಂಡದ್ದು ಸರಿಯಾಗಿ ಆ ಎರಡು ಸೂತ್ರಗಳು ಕೂಡುವ ಜಾಗವನ್ನೇ. ಅಲ್ಲಿ ನಿಂತು ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದೇ ಇಲ್ಲ.

ಇದನ್ನೇ ಸಣ್ಣ, ಓರೆಯಾದ ದತ್ತಾಂಶದ ಮೇಲೆ ಮಾಡಿ. ಮೌಲ್ಯಗಳು 1, 3, 9. ತೂಕಗಳು 3, 2, 1. ತೂಕದ ಸರಾಸರಿ 18/6, ಅಂದರೆ 3. ವರ್ಗಗಳ ಮೊತ್ತ 3×4 + 2×0 + 1×36, ಅಂದರೆ 48. ಆವರ್ತನದ ತೂಕವಾದರೆ ಛೇದ 5, ವೇರಿಯನ್ಸ್ 9.6. ವಿಶ್ವಾಸದ ತೂಕವಾದರೆ ಛೇದ 6 − 14/6, ವೇರಿಯನ್ಸ್ 144/11, ಅಂದರೆ 13.09ರ ಹತ್ತಿರ. ಯಾವ ತಿದ್ದುಪಡಿಯೂ ಇಲ್ಲದೆ ನೇರವಾಗಿ 6ರಿಂದ ಭಾಗಿಸಿದರೆ 8. ಒಂದೇ ದತ್ತಾಂಶ, ಮೂರು ಉತ್ತರ, ಮೂರೂ ಕೈಲೆಕ್ಕಕ್ಕೆ ಸಿಗುವಂಥವು. ಈ ಒಂದು ಟೆಸ್ಟ್ ಇದ್ದಿದ್ದರೆ ನಿಮ್ಮ ಹೆಲ್ಪರ್ ಯಾವ ಅರ್ಥ ಹಿಡಿದಿದೆ ಎಂಬುದು ಮೊದಲ ದಿನವೇ ಬರವಣಿಗೆಯಲ್ಲಿ ಇರುತ್ತಿತ್ತು.

ಈ ಅಂಕಿಗಳ ಆಯ್ಕೆಗೂ ಕಾರಣವಿದೆ. 2, 5, 8ಕ್ಕೆ 1, 2, 1 ಎಂಬಂಥ ಸಮಮಿತಿಯ ದತ್ತಾಂಶ ತೆಗೆದುಕೊಂಡರೆ ತೂಕಗಳನ್ನು ಹಿಂದುಮುಂದು ಮಾಡಿದರೂ ಅದೇ ಉತ್ತರ. ಓರೆ ದತ್ತಾಂಶದಲ್ಲಿ ಇಂಥ ತಪ್ಪುಗಳಿಗೆ ಅಡಗಲು ಜಾಗವಿಲ್ಲ. ತೂಕಗಳಲ್ಲಿ ಎರಡು ಒಂದೇ ಆಗಿರಬಾರದು, ಮೌಲ್ಯಗಳು ಸಮ ಅಂತರದಲ್ಲಿ ಇರಬಾರದು.

ಕವರೇಜ್ ವಿಷಯವೂ ಇಲ್ಲೇ ತೀರುತ್ತದೆ. ಕವರೇಜ್ ಅಳೆಯುವ ‘ಕವರ್’ ಎಂಬ ಪ್ಯಾಕೇಜ್ ಎಣಿಸುವುದು ಟೆಸ್ಟ್ ನಡೆಯುವಾಗ ಯಾವ ಸಾಲುಗಳು ಓಡಿದವು ಎಂಬುದನ್ನಷ್ಟೇ. ಛೇದದ ಸಾಲು ಓಡಿತು, ಲೆಕ್ಕಕ್ಕೆ ಬಂತು. ಆ ಸಾಲು ಸರಿಯಾದ ಸಂಖ್ಯೆ ಕೊಟ್ಟಿತೇ ಎಂಬುದು ಅದರ ಕಣ್ಣಿಗೆ ಬೀಳುವುದಿಲ್ಲ. ಶೇ 93 ಎಂದರೆ ಉಳಿದ ಶೇ 7 ಸಾಲುಗಳಿಗೆ ಟೆಸ್ಟ್ ಇಲ್ಲವೇ ಇಲ್ಲ ಎಂದು ತಿಳಿಯಿರಿ; ಅದಕ್ಕಿಂತ ಹೆಚ್ಚಿನ ಅರ್ಥವನ್ನು ಅದಕ್ಕೆ ಹಚ್ಚಬೇಡಿ.

ಟೆಸ್ಟ್‌ಗೆ ನಿಜವಾಗಿ ಬಲವಿದೆಯೇ ಎಂದು ನೋಡಲು ಹತ್ತು ನಿಮಿಷದ ಕೆಲಸವೊಂದು ಸಾಕು. ಹೆಲ್ಪರ್‌ನ ಕೋಡ್ ಅನ್ನು ಬೇಕೆಂದೇ ಕೆಡಿಸಿ. ಛೇದದ −1 ತೆಗೆದು ಆ ಒಂದು ಟೆಸ್ಟ್ ಕಡತವನ್ನು ಮಾತ್ರ ಓಡಿಸಿ, ಕೆಂಪಾಗಬೇಕು. ಮೊದಲಿನಂತೆ ಮಾಡಿ, ವರ್ಗಮೂಲದ ಹೆಜ್ಜೆಯನ್ನು ಅಳಿಸಿ ಓಡಿಸಿ. ಮೌಲ್ಯ ಮತ್ತು ತೂಕದ ಸ್ಥಾನ ಅದಲುಬದಲು ಮಾಡಿ. ಎನ್ಎ (ದಾಖಲಾಗದ ಮೌಲ್ಯ) ತೆಗೆಯುವ ಸಾಲನ್ನು ಅಳಿಸಿ. ಕೆಡಿಸಿದ ಮೇಲೂ ಯಾವುದು ಹಸಿರಾಗಿಯೇ ಉಳಿಯುತ್ತದೋ ಅಲ್ಲಿ ಟೆಸ್ಟ್ ಇಲ್ಲ, ಕವರೇಜ್ ವರದಿ ಏನೇ ಹೇಳಲಿ.

‘ಬರಬೇಕಾದ ಉತ್ತರ’ವನ್ನು ಎಲ್ಲಿಂದ ತರುವುದು?

ಅಂಕಿಅಂಶದ ಪ್ಯಾಕೇಜ್‌ಗಳಲ್ಲಿ ಅತಿ ಸಾಮಾನ್ಯವಾದ ತಪ್ಪು ಇದು: ಫಂಕ್ಷನ್ ಓಡಿಸುವುದು, ಅದು ಕೊಟ್ಟ 9.6 ಎಂಬುದನ್ನು ನಕಲು ಮಾಡಿ ಟೆಸ್ಟ್‌ನಲ್ಲಿ ಅಂಟಿಸುವುದು. ಅಂಥ ಟೆಸ್ಟ್ ‘ಈ ಉತ್ತರ ನಾಳೆ ಬದಲಾಗಬಾರದು’ ಎಂದು ಕಾಯುತ್ತದೆ, ‘ಈ ಉತ್ತರ ಸರಿ’ ಎಂದು ಹೇಳುವುದಿಲ್ಲ. ಹಿಂದಿನ ಸಲದ ಫಲಿತಾಂಶವನ್ನು ಕಡತದಲ್ಲಿ ಉಳಿಸಿ ಹೋಲಿಸುವ ಸ್ನ್ಯಾಪ್‌ಶಾಟ್ ಟೆಸ್ಟ್‌ಗಳೂ ಇದೇ ಜಾತಿ. ಮುದ್ರಿತ ಪಟ್ಟಿ, ಎಚ್ಚರಿಕೆಯ ಸಂದೇಶ ಇಂಥವಕ್ಕೆ ಸ್ನ್ಯಾಪ್‌ಶಾಟ್ ಬಹಳ ಒಳ್ಳೆಯದು. ಸಂಖ್ಯೆಗಳಿಗೆ ಬಳಸಿದರೆ ತಪ್ಪನ್ನೇ ಗಟ್ಟಿ ಮಾಡಿ ಕೂರಿಸಿದಂತೆ. ಮೇಲಾಗಿ ಆರ್ ಪ್ಯಾಕೇಜ್‌ಗಳ ಭಂಡಾರವಾದ ಕ್ರ್ಯಾನ್‌ನಲ್ಲಿ ಸ್ನ್ಯಾಪ್‌ಶಾಟ್ ಟೆಸ್ಟ್‌ಗಳು ತಾವಾಗಿ ಓಡುವುದಿಲ್ಲ, ಬಿಟ್ಟುಹೋಗುತ್ತವೆ.

ಉತ್ತರ ನಿಮ್ಮ ಫಂಕ್ಷನ್‌ನಿಂದ ಹೊರತಾದ ಜಾಗದಿಂದ ಬರಬೇಕು. ಮೇಲಿನಂಥ ಕೈಲೆಕ್ಕ ಮೊದಲನೆಯ ಮೂಲ. ಟೆಸ್ಟ್‌ನಲ್ಲಿ ಬರಿಯ 9.6 ಎಂದು ಬರೆಯದೆ 48/5 ಎಂದು ಬರೆಯಿರಿ. ಮುಂದೆ ಓದುವವರಿಗೆ ಲೆಕ್ಕದ ಹಾದಿ ಕಾಣುತ್ತದೆ.

ಎರಡನೆಯದು, ಬೇರೆಯವರು ಬರೆದ ಅದೇ ಲೆಕ್ಕ. ಆರ್‌ನ ಜೊತೆಗೇ ಬರುವ ಕೋವ್.ಡಬ್ಲ್ಯೂಟಿ ಫಂಕ್ಷನ್ ತನ್ನ ಮೂಲ ಕ್ರಮದಲ್ಲಿ ಈ ದತ್ತಾಂಶಕ್ಕೆ 144/11 ಕೊಡುತ್ತದೆ, ‘ಎಂಎಲ್’ ಕ್ರಮ ಕೇಳಿದರೆ 8 ಕೊಡುತ್ತದೆ. ಆವರ್ತನದ ತೂಕಕ್ಕೆ ರೆಪ್ ಫಂಕ್ಷನ್‌ನಿಂದ ದತ್ತಾಂಶವನ್ನು 1, 1, 1, 3, 3, 9 ಎಂದು ಬಿಡಿಸಿ ವಾರ್‌ಗೆ ಕೊಟ್ಟರೆ 9.6. ಇಲ್ಲೊಂದು ಎಚ್ಚರಿಕೆ: ನಿಮ್ಮ ಹೆಲ್ಪರ್ ಒಳಗೊಳಗೇ ಅದೇ ಫಂಕ್ಷನ್ ಕರೆಯುತ್ತಿದ್ದರೆ ಅದು ಸ್ವತಂತ್ರ ಸಾಕ್ಷಿಯಲ್ಲ. ಇನ್ನೊಂದು: ಒಂದೇ ಹೆಸರಿನ ಲೆಕ್ಕಕ್ಕೆ ಬೇರೆ ಬೇರೆ ವ್ಯಾಖ್ಯೆಗಳಿರುತ್ತವೆ. ಆರ್‌ನ ಕ್ವಾಂಟೈಲ್ ಫಂಕ್ಷನ್ ಒಂದರಲ್ಲೇ 9 ಬಗೆಗಳಿವೆ, ಕೇಳದಿದ್ದರೆ 7ನೆಯದನ್ನು ಬಳಸುತ್ತದೆ. ಬೇರೆ ಸಾಫ್ಟ್‌ವೇರ್ ಜೊತೆ ಉತ್ತರ ಕೂಡಲಿಲ್ಲ ಎಂದ ಮಾತ್ರಕ್ಕೆ ಯಾರೋ ತಪ್ಪು ಎಂದಾಗುವುದಿಲ್ಲ.

ಮೂರನೆಯದು, ಪ್ರಮಾಣಿತ ದತ್ತಾಂಶಗಳು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಸಾಫ್ಟ್‌ವೇರ್ ಪರೀಕ್ಷೆಗೆಂದೇ ಉತ್ತರ ಸಮೇತ ದತ್ತಾಂಶಗಳನ್ನು ಬಿಡುಗಡೆ ಮಾಡಿದೆ. ರಿಗ್ರೆಶನ್ ಹೆಲ್ಪರ್‌ಗಳಿಗೆ ಅದರಲ್ಲಿರುವ ಲಾಂಗ್ಲಿ ದತ್ತಾಂಶ ಒಳ್ಳೆಯ ಸವಾಲು: 16 ದಾಖಲೆಗಳು, ಒಂದಕ್ಕೊಂದು ಅಂಟಿಕೊಂಡಂಥ 6 ಚರಗಳು. ಆರ್‌ನಲ್ಲೂ ಅದು ಇದೆ, ಆದರೆ ಅಳತೆಯ ಘಟಕಗಳು ಬೇರೆ. ಎನ್‌ಐಎಸ್‌ಟಿ ಕೊಟ್ಟಿರುವ ಇಂಟರ್‌ಸೆಪ್ಟ್ −3482258.63459582; ಆರ್‌ನ ಆವೃತ್ತಿಯಲ್ಲಿ ಅದು −3482.259ರ ಹತ್ತಿರ. ಇದು ಗೊತ್ತಿಲ್ಲದೆ ಹೋಲಿಸಿದರೆ ದಿನವೆಲ್ಲ ಇಲ್ಲದ ದೋಷ ಹುಡುಕುತ್ತೀರಿ.

ವೇರಿಯನ್ಸ್‌ಗೆ ಅಲ್ಲಿಯ ನಮ್‌ಆ್ಯಕ್1 ಎಂಬ ದತ್ತಾಂಶವನ್ನು ಹಲವರು ಹಾಕುತ್ತಾರೆ: 10000001, 10000003, 10000002, ಮಾನಕ ವಿಚಲನೆ ಸರಿಯಾಗಿ 1. ನೋಡಲು ಕಠಿಣ. ಆದರೆ ಇವುಗಳ ವರ್ಗಗಳು, ಮೊತ್ತದ ವರ್ಗ ಎಲ್ಲವೂ 2⁵³ಕ್ಕಿಂತ ಚಿಕ್ಕ ಪೂರ್ಣಾಂಕಗಳು; ಕಂಪ್ಯೂಟರ್ ಒಂದಂಕಿಯೂ ಕಳೆಯದೆ ಹಿಡಿಯುತ್ತದೆ. ಹಾಗಾಗಿ ಅಂಕಿ ಕಳೆಯುವ ಕೆಟ್ಟ ಸೂತ್ರವೂ (ಮುಂದೆ ಬರುವ ಪಠ್ಯಪುಸ್ತಕದ ಸೂತ್ರ ಅಂಥದ್ದು) ಇಲ್ಲಿ ಪಾಸಾಗುತ್ತದೆ. ನಮ್‌ಆ್ಯಕ್4 ಹಾಕಿ. 1001 ದಾಖಲೆಗಳು, ಸರಾಸರಿ 10000000.2, ಮಾನಕ ವಿಚಲನೆ 0.1. ಅಲ್ಲಿ ಕೆಟ್ಟ ಸೂತ್ರ ಸಿಕ್ಕಿಬೀಳುತ್ತದೆ. ಇನ್‌ಪುಟ್ ಸಂಖ್ಯೆಗಳೇ ನಿಖರವಾಗಿ ಉಳಿಯದ ಕಾರಣ ಒಳ್ಳೆಯ ಸೂತ್ರಕ್ಕೂ ಅಲ್ಲಿ ಸುಮಾರು 8 ಅಂಕಿಗಳ ನಿಖರತೆಯಷ್ಟೇ ಸಿಗುತ್ತದೆ. ಆ ಒಂದು ಟೆಸ್ಟ್‌ಗೆ ಟಾಲರೆನ್ಸ್ 10⁻⁶ ಇಟ್ಟು, ಏಕೆಂದು ಪಕ್ಕದಲ್ಲಿ ಬರೆದಿಡಿ.

ನಾಲ್ಕನೆಯ ಮೂಲ ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದದ್ದು: ಗಣಿತದ ಗುಣಗಳು. ಉತ್ತರ ಎಷ್ಟೆಂದು ಗೊತ್ತಿರದಿದ್ದರೂ ಅದು ಹೇಗೆ ನಡೆದುಕೊಳ್ಳಬೇಕು ಎಂಬುದು ಗೊತ್ತಿರುತ್ತದೆ. ಎಲ್ಲ ಮೌಲ್ಯಗಳಿಗೆ ಒಂದೇ ಸಂಖ್ಯೆ ಕೂಡಿದರೆ ವೇರಿಯನ್ಸ್ ಬದಲಾಗಬಾರದು. 10ರಿಂದ ಗುಣಿಸಿದರೆ ವೇರಿಯನ್ಸ್ 100 ಪಟ್ಟಾಗಬೇಕು. ದಾಖಲೆಗಳ ಕ್ರಮ ಕಲಸಿದರೆ ಉತ್ತರ ಅಲುಗಬಾರದು. ತೂಕ 0 ಇರುವ ದಾಖಲೆ ಸೇರಿಸಿದರೂ, ತೆಗೆದರೂ ಒಂದೇ ಆಗಬೇಕು. ವಿಶ್ವಾಸದ ತೂಕಗಳನ್ನೆಲ್ಲ ದುಪ್ಪಟ್ಟು ಮಾಡಿದರೆ ಉತ್ತರ ಅದೇ ಇರಬೇಕು. ಈ ಕೊನೆಯದು ನಿಮ್ಮ ಇಂದಿನ ಹೆಲ್ಪರ್‌ನಲ್ಲಿ ತಕ್ಷಣ ಫೇಲ್ ಆಗುತ್ತದೆ: 48/5 ಇದ್ದದ್ದು 96/11 ಆಗುತ್ತದೆ.

ಕೂಡುವ ಟೆಸ್ಟ್‌ನ ಬಲ ಹತ್ತಿರದಿಂದ ನೋಡಿ. ಮೌಲ್ಯಗಳು 4, 7, 13, 16. ಸರಾಸರಿ 10, ವ್ಯತ್ಯಾಸಗಳ ವರ್ಗಗಳ ಮೊತ್ತ 90, ವೇರಿಯನ್ಸ್ 30. ಎಲ್ಲಕ್ಕೂ 100 ಕೋಟಿ, ಅಂದರೆ 10⁹ ಕೂಡಿ. ‘ಮೌಲ್ಯಗಳ ವರ್ಗಗಳ ಮೊತ್ತದಿಂದ ಮೊತ್ತದ ವರ್ಗವನ್ನು 4ರಿಂದ ಭಾಗಿಸಿ ಕಳೆ’ ಎಂಬ ಪಠ್ಯಪುಸ್ತಕದ ಸೂತ್ರವನ್ನು ನೇರವಾಗಿ ಕೋಡ್ ಮಾಡಿದ್ದರೆ, ಕಳೆಯುವ ಎರಡೂ ಸಂಖ್ಯೆಗಳು 4 × 10¹⁸ರ ಸುತ್ತ ಇರುತ್ತವೆ. ಆ ಎತ್ತರದಲ್ಲಿ 64 ಬಿಟ್‌ನ ಎರಡು ಪಕ್ಕಪಕ್ಕದ ಸಂಖ್ಯೆಗಳ ನಡುವಿನ ಅಂತರವೇ 512. ಹಾಗಾಗಿ ವ್ಯತ್ಯಾಸ 0 ಬರಬಹುದು, 512 ಬರಬಹುದು, −512 ಬರಬಹುದು; ಬೇಕಾದ 90 ಮಾತ್ರ ಬರಲು ಸಾಧ್ಯವೇ ಇಲ್ಲ. ಮೊದಲು ಸರಾಸರಿ ತೆಗೆದು, ಆಮೇಲೆ ವ್ಯತ್ಯಾಸಗಳ ವರ್ಗ ಕೂಡುವ ಎರಡು ಸುತ್ತಿನ ಕ್ರಮದಲ್ಲಿ ಸಲೀಸಾಗಿ 30 ಬರುತ್ತದೆ.

ಒಳಗಿನ ಫಂಕ್ಷನ್‌ಗೆ ಟೆಸ್ಟ್ ಬರೆಯಬಾರದೇ?

ನಿಮ್ಮ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಗೌರವಿಸಬೇಕು. ಪ್ರತಿ ಹೆಲ್ಪರ್‌ಗೂ ಟೆಸ್ಟ್ ಕಟ್ಟಿದರೆ ಒಳಗಿನ ರಚನೆ ಹೆಪ್ಪುಗಟ್ಟುತ್ತದೆ. ಎರಡು ಹೆಲ್ಪರ್ ಸೇರಿಸಿ ಒಂದು ಮಾಡಿದರೆ ಪ್ಯಾಕೇಜ್‌ನ ಉತ್ತರ ಬದಲಾಗದಿದ್ದರೂ 15 ಟೆಸ್ಟ್ ಕೆಂಪಾಗುತ್ತವೆ. ಆಮೇಲೆ ಯಾರೂ ಕೋಡ್ ಮುಟ್ಟಲು ಮುಂದೆ ಬರುವುದಿಲ್ಲ.

ಆದರೆ ‘ಬರೆಯಲೇಬಾರದು’ ಎಂಬುದಕ್ಕೆ ತಾಂತ್ರಿಕ ಆಧಾರವಿಲ್ಲ. ಟೆಸ್ಟ್‌ದಟ್ ತನ್ನ ಟೆಸ್ಟ್‌ಗಳನ್ನು ಪ್ಯಾಕೇಜ್‌ನ ನೇಮ್‌ಸ್ಪೇಸ್‌ನಿಂದ (ಅದರ ಎಲ್ಲ ಹೆಸರುಗಳಿರುವ ಜಾಗ) ಹುಟ್ಟಿದ ಪರಿಸರದಲ್ಲೇ ಓಡಿಸುತ್ತದೆ. ಎಕ್ಸ್‌ಪೋರ್ಟ್ ಆಗದ ಫಂಕ್ಷನ್‌ನ ಹೆಸರನ್ನು ಮೂರು ಕೋಲನ್ ಇಲ್ಲದೆ ನೇರವಾಗಿ ಕರೆಯಬಹುದು. ಸಲಕರಣೆಯೇ ಇದಕ್ಕೆ ದಾರಿ ಮಾಡಿಕೊಟ್ಟಿದೆ.

ಯಾವುದಕ್ಕೆ ನೇರ ಟೆಸ್ಟ್ ಬೇಕು ಎಂಬುದಕ್ಕೆ ನನ್ನ ಅಳತೆ ಇದು. ಹೆಲ್ಪರ್ ಹೊಸ ಸಂಖ್ಯೆ ಹುಟ್ಟಿಸುತ್ತದೆಯೇ? ದತ್ತಾಂಶದ ಆಕಾರ ಬದಲಿಸುತ್ತದೆಯೇ, ಎನ್ಎ ತೆಗೆಯುವುದು, ಮ್ಯಾಟ್ರಿಕ್ಸ್ ಕತ್ತರಿಸುವುದು, ಗುಂಪು ಮಾಡುವುದು ಹೀಗೆ? ಇನ್‌ಪುಟ್ ನೋಡಿ ‘ಈ ದಾರಿ, ಆ ದಾರಿ’ ಎಂದು ತೀರ್ಮಾನಿಸುತ್ತದೆಯೇ? ಇವುಗಳಲ್ಲಿ ಒಂದಾದರೂ ಹೌದಾದರೆ ನೇರ ಟೆಸ್ಟ್ ಬೇಕು. ಆರ್ಗ್ಯುಮೆಂಟ್‌ಗಳನ್ನು ಮುಂದಕ್ಕೆ ದಾಟಿಸುವ, ಹೆಸರು ಜೋಡಿಸುವ, ಮುದ್ರಣಕ್ಕೆ ಸಾಲು ಸಿದ್ಧ ಮಾಡುವ ಹೆಲ್ಪರ್‌ಗಳನ್ನು ಹೊರಗಿನ ಫಂಕ್ಷನ್ ಮೂಲಕವೇ ಪರೀಕ್ಷಿಸಿದರೆ ಸಾಕು. ಹೊರಗಿನಿಂದ ಮಾತ್ರ ಪರೀಕ್ಷಿಸಿದರೆ ಅಪಾಯವೇನೆಂದರೆ, ಹೊರಗಿನ ಫಂಕ್ಷನ್ ತಪ್ಪು ಇನ್‌ಪುಟ್‌ಗಳನ್ನು ಬಾಗಿಲಲ್ಲೇ ತಡೆಯುವುದರಿಂದ ಹೆಲ್ಪರ್‌ನ ದುರ್ಬಲ ಜಾಗ ಟೆಸ್ಟ್‌ಗೆ ಸಿಗುವುದೇ ಇಲ್ಲ. ನಾಳೆ ಬೇರೊಂದು ಫಂಕ್ಷನ್ ಆ ತಡೆ ಇಲ್ಲದೆ ಅದೇ ಹೆಲ್ಪರ್ ಕರೆದಾಗ ಹೊರಬರುತ್ತದೆ.

ಟೆಸ್ಟ್ ಬರೆಯುವ ಅನುಕೂಲಕ್ಕೆಂದು ಹೆಲ್ಪರ್ ಅನ್ನು ಎಕ್ಸ್‌ಪೋರ್ಟ್ ಮಾಡಬೇಡಿ. ಎಕ್ಸ್‌ಪೋರ್ಟ್ ಮಾಡಿದ ಹೆಸರು ಬಳಕೆದಾರರಿಗೆ ಕೊಟ್ಟ ಮಾತು. ‘ಇಂಟರ್ನಲ್’ ಎಂದು ಗುರುತು ಹಾಕಿದ್ದರೂ ಯಾರಾದರೂ ಬಳಸುತ್ತಾರೆ, ಹಿಂತೆಗೆದುಕೊಳ್ಳುವುದು ಕಷ್ಟ. ಲೆಕ್ಕದ ಹೆಲ್ಪರ್‌ಗಳನ್ನೆಲ್ಲ ಬೇರೆ ಸಣ್ಣ ಪ್ಯಾಕೇಜ್ ಮಾಡುವ ದಾರಿಯೂ ಇದೆ. ಎರಡು ಮೂರು ಪ್ಯಾಕೇಜ್‌ಗಳು ಅವುಗಳನ್ನು ಹಂಚಿಕೊಳ್ಳುವಂತಿದ್ದರೆ ಅದು ಸರಿ. ಒಂದೇ ಪ್ಯಾಕೇಜ್‌ಗೆ ಅಷ್ಟು ಹೊರೆ ಬೇಡ.

ಟಾಲರೆನ್ಸ್ ಎಂಬ ಸೂಕ್ಷ್ಮ

ಟೆಸ್ಟ್‌ದಟ್‌ನ ಹೋಲಿಕೆ ಫಂಕ್ಷನ್ ಎಕ್ಸ್‌ಪೆಕ್ಟ್_ಈಕ್ವಲ್ ಬಳಸುವ ಟಾಲರೆನ್ಸ್ ಸುಮಾರು 1.5 × 10⁻⁸. ಇದು ಡಬಲ್, ಅಂದರೆ 64 ಬಿಟ್ ಸಂಖ್ಯೆಯ ಎಪ್ಸಿಲಾನ್ (1ಕ್ಕೂ ಅದರ ಮುಂದಿನ ಸಂಖ್ಯೆಗೂ ಇರುವ ಅಂತರ) ಆದ 2.2 × 10⁻¹⁶ರ ವರ್ಗಮೂಲ. ಯಂತ್ರದಿಂದ ಯಂತ್ರಕ್ಕೆ 10⁻¹⁵ರಷ್ಟು ವ್ಯತ್ಯಾಸ ಬರುವುದು ಸಹಜ, ಅದಕ್ಕೆ ಇಷ್ಟು ಧಾರಾಳವಾಗಿ ಸಾಕು. ಒಂದಿಷ್ಟೂ ವ್ಯತ್ಯಾಸ ಒಪ್ಪದ ಎಕ್ಸ್‌ಪೆಕ್ಟ್_ಐಡೆಂಟಿಕಲ್ ಅನ್ನು ಎಣಿಕೆ, ಅಕ್ಷರ, ತಾರ್ಕಿಕ ಮೌಲ್ಯಗಳಿಗೆ ಮಾತ್ರ ಇಟ್ಟುಕೊಳ್ಳಿ.

ಹೋಲಿಕೆ ನಡೆಯುವ ರೀತಿಯಲ್ಲಿ ಎರಡು ಗುಂಡಿಗಳಿವೆ, ಅಂಕಿಅಂಶದವರು ಎರಡಕ್ಕೂ ಬೀಳುತ್ತಾರೆ. ಒಂದು: ವ್ಯತ್ಯಾಸವನ್ನು ಪ್ರತಿ ಸಂಖ್ಯೆಗೆ ಬೇರೆಯಾಗಿ ಅಳೆಯುವುದಿಲ್ಲ, ವ್ಯತ್ಯಾಸಗಳ ಸರಾಸರಿಯನ್ನು ಮೌಲ್ಯಗಳ ಸರಾಸರಿಯಿಂದ ಭಾಗಿಸಿ ನೋಡುತ್ತದೆ. ಒಂದೇ ವೆಕ್ಟರ್‌ನಲ್ಲಿ 10 ಲಕ್ಷದ ಹತ್ತಿರದ ಗುಣಾಂಕವೂ 0.001 ಎಂಬ ಗುಣಾಂಕವೂ ಇದ್ದು, ದೊಡ್ಡದು ಕೊನೆಯ ಅಂಕಿಯಲ್ಲಿ ಚೂರು ಬೇರೆಯಾಗಿ, ಚಿಕ್ಕದು 0.002 ಎಂದು ದುಪ್ಪಟ್ಟು ತಪ್ಪಾಗಿದ್ದರೂ ಒಟ್ಟು ವ್ಯತ್ಯಾಸ 10⁻⁹ರ ಆಸುಪಾಸು. ಪಾಸ್! ಅಳತೆಯಲ್ಲಿ ದೂರವಿರುವ ಗುಣಾಂಕಗಳನ್ನು ಬೇರೆ ಬೇರೆಯಾಗಿ ಹೋಲಿಸಿ.

ಎರಡು: ಬರಬೇಕಾದ ಉತ್ತರವೇ ಟಾಲರೆನ್ಸ್‌ಗಿಂತ ಚಿಕ್ಕದಾದರೆ ಭಾಗಾಕಾರ ಬಿಟ್ಟು ನೇರ ವ್ಯತ್ಯಾಸ ನೋಡುತ್ತದೆ. ಪಿ-ಮೌಲ್ಯ 10⁻¹² ಬರಬೇಕಾದಲ್ಲಿ 10⁻⁹ ಬಂದರೂ ಪಾಸ್, 0 ಬಂದರೂ ಪಾಸ್. ಪಿ-ಮೌಲ್ಯ, ಲೈಕ್ಲಿಹುಡ್ ಇಂಥವುಗಳ ಲಾಗರಿದಮ್ ತೆಗೆದು ಹೋಲಿಸಿ.

ಇನ್ನು ಐಗನ್‌ವೆಕ್ಟರ್‌ಗಳು. ಮ್ಯಾಟ್ರಿಕ್ಸ್ ಲೆಕ್ಕ ಮಾಡುವ ಬ್ಲಾಸ್ ಲೈಬ್ರರಿ ಬದಲಾದರೆ ಅವುಗಳ ಚಿಹ್ನೆ ತಲೆಕೆಳಗಾಗಬಹುದು, ಎರಡೂ ಸರಿಯಾದ ಉತ್ತರಗಳೇ. ಅಲ್ಲಿ ಸಂಖ್ಯೆ ಹೋಲಿಸುವ ಬದಲು ಮ್ಯಾಟ್ರಿಕ್ಸ್‌ನಿಂದ ವೆಕ್ಟರ್ ಗುಣಿಸಿದರೆ ಐಗನ್ ಮೌಲ್ಯದಷ್ಟು ಪಟ್ಟು ಅದೇ ವೆಕ್ಟರ್ ಬರುತ್ತದೆಯೇ ಎಂದು ನೋಡಿ.

20 ಸಲಕ್ಕೊಮ್ಮೆ ಫೇಲ್ ಆಗುವ ಟೆಸ್ಟ್

ಅದು ಕಾರಣವಿಲ್ಲದೆ ಫೇಲ್ ಆಗುತ್ತಿಲ್ಲ. ಶೇ 95ರ ಅಂತರ ಎಂದರೆ ಶೇ 5 ಸಲ ನಿಜವಾದ ಮೌಲ್ಯ ಹೊರಗೆ ಬೀಳುತ್ತದೆ ಎಂದೇ ಅರ್ಥ. 20ಕ್ಕೆ 1. ನಿಮ್ಮ ಹೆಲ್ಪರ್ ಸರಿಯಾಗಿ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅದು ಸಾಕ್ಷಿ, ತಪ್ಪು ಟೆಸ್ಟ್‌ನದು. ಇಂಥ 20 ಟೆಸ್ಟ್ ಇದ್ದರೆ ಪ್ರತಿ ಸಲ ಓಡಿಸಿದಾಗಲೂ ಒಂದಾದರೂ ಕೆಂಪಾಗುವ ಸಂಭವ ಶೇ 64.

ಸೀಡ್ (ಪ್ರತಿ ಸಲವೂ ಅದೇ ಯಾದೃಚ್ಛಿಕ ಸಂಖ್ಯೆಗಳು ಬರುವಂತೆ ಮಾಡುವ ಆರಂಭಿಕ ಸಂಖ್ಯೆ) ಹಾಕಿ ಬಾಯಿ ಮುಚ್ಚಿಸುವುದು ಅರ್ಧ ಪರಿಹಾರ. 2019ರ ಏಪ್ರಿಲ್‌ನಲ್ಲಿ ಬಂದ ಆರ್ 3.6.0 ಆವೃತ್ತಿಯಲ್ಲಿ ಸ್ಯಾಂಪಲ್ ಫಂಕ್ಷನ್ ಒಳಗಿನ ಕ್ರಮ ಬದಲಾಯಿತು. ಅದೇ ಸೀಡ್‌ಗೆ ಬೇರೆ ಸಂಖ್ಯೆಗಳು ಬರತೊಡಗಿದವು, ಸೀಡ್ ನಂಬಿ ಸಂಖ್ಯೆ ಬರೆದಿಟ್ಟಿದ್ದ ಟೆಸ್ಟ್‌ಗಳು ಮುರಿದವು. ನಿಜವಾದ ಪರಿಹಾರ ಹೆಲ್ಪರ್ ಅನ್ನು ಎರಡಾಗಿ ಒಡೆಯುವುದು. ಒಂದು ಯಾದೃಚ್ಛಿಕವಾಗಿ ಸೂಚ್ಯಂಕ ಆರಿಸುತ್ತದೆ, ಇನ್ನೊಂದು ಆ ಸೂಚ್ಯಂಕಗಳನ್ನು ಆರ್ಗ್ಯುಮೆಂಟ್ ಆಗಿ ಪಡೆದು ಲೆಕ್ಕ ಮಾಡುತ್ತದೆ. ಎರಡನೆಯದರಲ್ಲಿ ಯಾದೃಚ್ಛಿಕವಾದದ್ದು ಏನೂ ಉಳಿಯುವುದಿಲ್ಲ. 1, 1, 3 ಎಂಬ ಸೂಚ್ಯಂಕ ನೀವೇ ಕೊಟ್ಟು ಕೈಲೆಕ್ಕದ ಉತ್ತರ ನೋಡಬಹುದು.

ಸಿಮ್ಯುಲೇಶನ್ ಟೆಸ್ಟ್ ಬೇಕೇ ಬೇಕೆಂದಾದರೆ ಮಿತಿಯನ್ನು 2 ಮಾನಕ ದೋಷದಲ್ಲಿ ಇಡಬೇಡಿ, 5ರಲ್ಲಿ ಇಡಿ. ಸುಳ್ಳು ಎಚ್ಚರಿಕೆಯ ಸಂಭವ ಸುಮಾರು 17 ಲಕ್ಷಕ್ಕೊಂದಕ್ಕೆ ಇಳಿಯುತ್ತದೆ. ಹಾಗೆ ಸಡಿಲಿಸಿದರೆ ನಿಜವಾದ ತಪ್ಪು ತಪ್ಪಿಸಿಕೊಳ್ಳಬಾರದಲ್ಲ, ಅದಕ್ಕೆ ಮಾದರಿಯ ಗಾತ್ರ ಚಿಕ್ಕದಿಡಿ. ಸಾಮಾನ್ಯ ವಿತರಣೆಯಿಂದ 10 ಸಂಖ್ಯೆಗಳ ಮಾದರಿ ತೆಗೆದು 10,000 ಸಲ ವೇರಿಯನ್ಸ್ ಲೆಕ್ಕ ಹಾಕಿದರೆ ಅವುಗಳ ಸರಾಸರಿಯ ಮಾನಕ ದೋಷ 0.0047. ಯಾರಾದರೂ 9ರ ಬದಲು 10ರಿಂದ ಭಾಗಿಸಿದ್ದರೆ ಉತ್ತರ 1ರ ಬದಲು 0.9ರ ಸುತ್ತ, ಅಂದರೆ 21 ಮಾನಕ ದೋಷದಷ್ಟು ದೂರ, ಖಂಡಿತ ಸಿಕ್ಕಿಬೀಳುತ್ತದೆ. ಅದೇ 1000 ಸಂಖ್ಯೆಗಳ ಮಾದರಿ ಇಟ್ಟಿದ್ದರೆ ದೂರ ಕೇವಲ 2 ಚಿಲ್ಲರೆ ಮಾನಕ ದೋಷ, ತಪ್ಪು ಒಳಗೇ ಉಳಿದುಬಿಡುತ್ತದೆ. ದೊಡ್ಡ ಮಾದರಿ ಒಳ್ಳೆಯದು ಎಂಬ ರೂಢಿಯ ಎಣಿಕೆ ಇಲ್ಲಿ ತಿರುಗುಮುರುಗು.

ಅಂಚಿನ ಇನ್‌ಪುಟ್‌ಗಳು

ಖಾಲಿ ವೆಕ್ಟರ್, ಒಂದೇ ದಾಖಲೆ, ಎಲ್ಲವೂ ಎನ್ಎ, ಎಲ್ಲ ತೂಕವೂ 0, ಒಂದೇ ಕಾಲಂ ಇರುವ ಮ್ಯಾಟ್ರಿಕ್ಸ್: ಲೆಕ್ಕ ಮಾಡುವ ಪ್ರತಿ ಹೆಲ್ಪರ್‌ಗೂ ಇವನ್ನು ಕೊಟ್ಟು ನೋಡಿ. ‘1ರಿಂದ ಉದ್ದದವರೆಗೆ’ ಎಂದು ಬರೆದ ಲೂಪ್ ಖಾಲಿ ವೆಕ್ಟರ್‌ಗೆ 1, 0 ಎಂದು ಎರಡು ಸಲ ಸುತ್ತುತ್ತದೆ. ಸೀಕ್_ಅಲಾಂಗ್ ಬಳಸಿದರೆ ಸುತ್ತುವುದಿಲ್ಲ. ಸ್ಯಾಂಪಲ್‌ಗೆ 5 ಎಂಬ ಒಂದೇ ಸಂಖ್ಯೆಯ ವೆಕ್ಟರ್ ಕೊಟ್ಟರೆ ಅದು 5 ಕೊಡುವ ಬದಲು 1ರಿಂದ 5ರೊಳಗೆ ಯಾವುದನ್ನೋ ಆರಿಸುತ್ತದೆ. ಬೂಟ್‌ಸ್ಟ್ರ್ಯಾಪ್ ಹೆಲ್ಪರ್‌ಗಳಲ್ಲಿ ಒಂದೇ ದಾಖಲೆಯ ಗುಂಪು ಬಂದಾಗ ಇದು ಕಚ್ಚುತ್ತದೆ.

ತೂಕದ ಹೆಲ್ಪರ್‌ಗೆ ವಿಶೇಷವಾದದ್ದು ಎನ್ಎ. ಮೌಲ್ಯಗಳಿಂದ ಎನ್ಎ ತೆಗೆದು ತೂಕಗಳಿಂದ ತೆಗೆಯಲು ಮರೆತರೆ ಉದ್ದಗಳು ಬೇರೆಯಾಗುತ್ತವೆ. 6 ತೂಕಕ್ಕೆ 5 ಮೌಲ್ಯ ಉಳಿದರೆ ಆರ್ ಎಚ್ಚರಿಸುತ್ತದೆ. 3 ಉಳಿದರೆ ಸದ್ದಿಲ್ಲದೆ ಮೌಲ್ಯಗಳನ್ನು ಎರಡು ಸಲ ಸುತ್ತಿಸಿ ಉತ್ತರ ಕೊಟ್ಟುಬಿಡುತ್ತದೆ. ಹಾಗಾಗಿ ಎನ್ಎ ಟೆಸ್ಟ್‌ನಲ್ಲಿ 6 ದಾಖಲೆಗಳಿಗೆ ಸರಿಯಾಗಿ 3 ಎನ್ಎ ಇಡಿ.

ದೋಷ ಎಸೆಯಬೇಕಾದ ಕಡೆ ಸಂದೇಶದ ಪದಗಳನ್ನು ಹೋಲಿಸಬೇಡಿ. ಬೇರೆ ಭಾಷೆಯಲ್ಲಿ ಆರ್ ಓಡಿಸುವವರಲ್ಲಿ ಸಂದೇಶವೂ ಬೇರೆ ಬರಬಹುದು. ದೋಷಕ್ಕೊಂದು ಕ್ಲಾಸ್ ಹೆಸರು ಕೊಟ್ಟು ಅದನ್ನು ನೋಡಿ.

ಈಗ ಮೊದಲು ಏನು ಮಾಡಬೇಕು?

ಹೆಲ್ಪರ್ ಅನ್ನು ಎರಡು ಹೆಸರಿನ ಎರಡು ಫಂಕ್ಷನ್ ಮಾಡಿ: ಆವರ್ತನದ ತೂಕಕ್ಕೊಂದು, ವಿಶ್ವಾಸದ ತೂಕಕ್ಕೊಂದು. ಯಾವುದು ಬೇಕೆಂದು ಬಳಕೆದಾರರೇ ಆರ್ಗ್ಯುಮೆಂಟ್ ಮೂಲಕ ಹೇಳಲಿ. ತೂಕಗಳನ್ನು ನೋಡಿ ಊಹಿಸುವ ಕೋಡ್ ಬರೆಯಬೇಡಿ. ಆವರ್ತನದ ಫಂಕ್ಷನ್‌ಗೆ ಪೂರ್ಣಾಂಕವಲ್ಲದ ತೂಕ ಬಂದರೆ ದೋಷ ಎಸೆಯಲಿ. 1, 3, 9ರ ಟೆಸ್ಟ್ ಎರಡಕ್ಕೂ ಹಾಕಿ, ದುಪ್ಪಟ್ಟು ತೂಕದ ಟೆಸ್ಟ್ ಎರಡನೆಯದಕ್ಕೆ ಹಾಕಿ, 10 ಸಲ 0.1 ಕೊಟ್ಟದ್ದನ್ನು ಹೆಸರು ಸಹಿತ ಟೆಸ್ಟ್ ಆಗಿ ಉಳಿಸಿ. ಪ್ಯಾಕೇಜ್ ತಪಾಸಣೆಯ ಆದೇಶವಾದ ಆರ್ ಸಿಎಂಡಿ ಚೆಕ್ ಅನ್ನು ಎಆರ್‌ಎಂ ಮ್ಯಾಕ್‌ನಲ್ಲೂ ಓಡಿಸಿ.

ಆಮೇಲೆ ಹಳೆಯ ಫಲಿತಾಂಶಗಳ ಕಡೆ ತಿರುಗಿ. ಇನ್ಫ್, ನ್ಯಾನ್ ಕಂಡವರು ನಿಮಗೆ ಬರೆದರು. ತೂಕಗಳ ಮೊತ್ತ ದಾಖಲೆಗಳ ಸಂಖ್ಯೆಗೆ ಸಮನಾಗುವಂತೆ ಹೊಂದಿಸಿಕೊಂಡು ಬಳಸಿದವರಿಗೆ ಏನೂ ವಿಚಿತ್ರ ಕಂಡಿರುವುದಿಲ್ಲ. ಮೇಲಿನ ಉದಾಹರಣೆಯಲ್ಲೇ ತೂಕಗಳನ್ನು 1.5, 1, 0.5 ಮಾಡಿ: ನಿಮ್ಮ ಹಳೆಯ ಹೆಲ್ಪರ್ 24/2, ಅಂದರೆ 12 ಕೊಡುತ್ತದೆ, ಬರಬೇಕಾದದ್ದು 13.09. ಮಾನಕ ವಿಚಲನೆಯಲ್ಲಿ ಸುಮಾರು ಶೇ 4 ಕಡಿಮೆ. ಯಾರ ಕಣ್ಣಿಗೂ ಬೀಳದ ತಪ್ಪು ಅದು, ಹಾಗಾಗಿ ಮುಂದಿನ ಆವೃತ್ತಿಯ ನ್ಯೂಸ್ ಕಡತದಲ್ಲಿ (ಬದಲಾವಣೆಗಳ ಪಟ್ಟಿ) ಮೊದಲ ಸಾಲಾಗಿ ಅದನ್ನೇ ಬರೆಯಿರಿ: ಯಾವ ಆವೃತ್ತಿಗಳಲ್ಲಿ, ಯಾವ ಬಗೆಯ ತೂಕಗಳಿಗೆ ಉತ್ತರ ಕಡಿಮೆ ಬರುತ್ತಿತ್ತು, ಮತ್ತೆ ಓಡಿಸಬೇಕಾದವರು ಯಾರು.